ಕಲ್ಲಿದ್ದಲು ರೈಲು ಹಾದು ಹೋದ್ರೂ ಕರೆಂಟ್ ಯಾಕೆ ಹೋಗುತ್ತೆ?

ಸಕಲೇಶಪುರ: ಪಣಂಬೂರು ಬಂದರಿನಿಂದ ಕಲ್ಲಿದ್ದಲು ತುಂಬಿಕೊಂಡ ಗೂಡ್ಸ್ ರೈಲು ಸುಬ್ರಹ್ಮಣ್ಯ ರೋಡ್‌ನಿಂದ 55 ಕಿ.ಮೀ. ಘಟ್ಟ ಹತ್ತಿ, 57 ಸುರಂಗ ದಾಟಿ ಸಕಲೇಶಪುರ, ಆಲೂರು ಮೇಲೆ ಹೋಗುತ್ತೆ. ಏರು ಎಷ್ಟಿದೆ ಅಂದ್ರೆ ಹಿಂದಿನಿಂದ ತಳ್ಳೋಕೂ ಎಂಜಿನ್ ಬೇಕು. ಆದ್ರೆ ಆ ಕಲ್ಲಿದ್ದಲು ಇಲ್ಲಿ ಇಳಿಯಲ್ಲ, ಬಳ್ಳಾರಿ ಕಡೆಗೆ ಹೋಗುತ್ತೆ.

ಹಾಗಾದ್ರೆ ಇಲ್ಲಿನ ಅಂಗಡಿ, ಮನೆಗಳಿಗೆ ಕರೆಂಟ್ ಎಲ್ಲಿಂದ?

ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವ್ಯಾಟ್ ಸ್ಥಾವರ ಇದೆ. ಅದಕ್ಕೂ ವಿದೇಶಿ ಕಲ್ಲಿದ್ದಲು ಇದೇ ಬಂದರಿಗೆ ಬಂದು ರೈಲಿನಲ್ಲಿ ಹೋಗುತ್ತೆ. ಅಲ್ಲಿ ಅದನ್ನ ಹಿಟ್ಟಿನಂತೆ ಪುಡಿ ಮಾಡಿ ಬಾಯ್ಲರ್‌ನಲ್ಲಿ ಉರಿಸ್ತಾರೆ. ನೀರು ಹಬೆಯಾಗಿ ಟರ್ಬೈನ್ ತಿರುಗಿಸುತ್ತೆ, ಜನರೇಟರ್ ವಿದ್ಯುತ್ ಕೊಡುತ್ತೆ. ಒಂದು ಯೂನಿಟ್‌ಗೆ ಸುಮಾರು ಅರ್ಧದಿಂದ ಮುಕ್ಕಾಲು ಕೆ.ಜಿ. ಕಲ್ಲಿದ್ದಲು ಬೇಕು.

ಆ ವಿದ್ಯುತ್ 400 ಕೆ.ವಿ. ತಂತಿಯಲ್ಲಿ ಘಟ್ಟ ಹತ್ತಿ ಹಾಸನ ಹತ್ತಿರದ ಶಾಂತಿಗ್ರಾಮ ಕೇಂದ್ರಕ್ಕೆ ಬರುತ್ತೆ. ರಾಯಚೂರಿನ ಕಲ್ಲಿದ್ದಲು ವಿದ್ಯುತ್, ಶರಾವತಿಯ ಜಲವಿದ್ಯುತ್ ಎಲ್ಲವೂ ಗ್ರಿಡ್‌ನಲ್ಲಿ ಸೇರುತ್ತೆ. ಹಾಗಾಗಿ ಯಾವ ಬಲ್ಬಿಗೆ ಯಾವ ಊರಿನ ಕರೆಂಟ್ ಅಂತ ಹೇಳೋಕಾಗಲ್ಲ.

ಕಲ್ಲಿದ್ದಲು ಕೊರತೆಯಾದ್ರೆ ಒಂದೇ ಬೀದಿಗೆ ಕತ್ತಲೆ ಆಗಲ್ಲ, ರಾಜ್ಯದ ಊರೂರಿಗೂ ಲೋಡ್ ಶೆಡ್ಡಿಂಗ್ ಬಿಸಿ ತಟ್ಟುತ್ತೆ. ಮಳೆಗಾಲದಲ್ಲಿ ಅಂಗಡಿಯ ಫ್ರಿಜ್ ಎರಡು ದಿನ ನಿಂತ್ರೆ ಕಾರಣ ಬಹುಪಾಲು ಹತ್ತಿರದಲ್ಲೇ ಇರುತ್ತೆ: 11 ಕೆ.ವಿ. ತಂತಿ ಮೇಲೆ ಬಿದ್ದ ಮರ, ಮುರಿದ ಕಂಬ. ಹಾಗಾಗಿ ಮಳೆಗೆ ಮುಂಚೆಯೇ ತಂತಿಗೆ ತಾಗುವ ಕೊಂಬೆ ಕಡಿಸಿ ಅಂತ ಸೆಸ್ಕ್‌ಗೆ ತಿಳಿಸೋದು ಒಳ್ಳೇದು. ತಂತಿ ಬಿದ್ದಿದ್ದು ಕಂಡ್ರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.