ಕೆರೆ-ಕೊಳಗಳ ನೀರುಚಿಗಟಗಳು: ವೈವಿಧ್ಯ ಹಾಗೂ ಗುರುತಿಸುವ ವಿಧಾನ

ಪೀಠಿಕೆ

ಕೆರೆ, ಕುಂಟೆ ಹಾಗೂ ಮೀನು ಸಾಕಣೆ ಕೊಳಗಳ ನೀರಿನಲ್ಲಿ ತಡೆತಡೆದು ಜಿಗಿಯುತ್ತಾ ಚಲಿಸುವ ಸೂಕ್ಷ್ಮ ಜೀವಿಗಳನ್ನು ನೀರುಚಿಗಟಗಳೆಂದು ಕರೆಯಲಾಗುತ್ತದೆ. ಇವು ಕೀಟಗಳಲ್ಲ, ಸಿಗಡಿ ಮತ್ತು ಏಡಿಗಳಂತೆ ಕಠಿಣಚರ್ಮಿಗಳ ವರ್ಗಕ್ಕೆ ಸೇರಿದ ಪ್ರಾಣಿಪ್ಲವಕಗಳು. ಜಗತ್ತಿನಲ್ಲಿ ಇವುಗಳ 600ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದ್ದು, ಭಾರತದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ.

ಗುರುತಿಸುವಿಕೆಯ ಅಗತ್ಯ

ಕಾಟ್ಲಾ, ರೋಹು ಮತ್ತು ಮೃಗಾಲ್ ಮೀನುಗಳ ಎಳೆಯ ಮರಿಗಳಿಗೆ ಪ್ರಾಣಿಪ್ಲವಕವೇ ಮೊದಲ ಆಹಾರ. ಆದರೆ ಮೂರು ದಿನದ ಮರಿಯ ಬಾಯಿ ಅತಿ ಕಿರಿದಾದುದರಿಂದ ದೊಡ್ಡ ಗಾತ್ರದ ನೀರುಚಿಗಟಗಳನ್ನು ಅದು ನುಂಗಲಾರದು. ಕೊಳದಲ್ಲಿ ಜೀವಿಗಳು ಕಿಕ್ಕಿರಿದಿದ್ದರೂ ಮರಿಗಳು ಆಹಾರವಿಲ್ಲದೆ ಸಾಯುವ ಸಂಭವವಿರುತ್ತದೆ. ಆದುದರಿಂದ ಮೀನುಮರಿಗಳಿಗಾಗಿ ಅರ್ಜಿ ಸಲ್ಲಿಸುವ ಕೃಷಿಕರು ತಮ್ಮ ಕೊಳದಲ್ಲಿ ಯಾವ ಬಗೆಯ ಪ್ಲವಕವಿದೆ ಎಂಬುದನ್ನು ಮೊದಲೇ ತಿಳಿದಿರುವುದು ಸೂಕ್ತ.

ಸಾಮಾನ್ಯ ಲಕ್ಷಣಗಳು

ದೇಹವು ಪಾರದರ್ಶಕವಾದ ಮಡಚಿದ ಕವಚದೊಳಗೆ ಇರುತ್ತದೆ. ತಲೆ ಮಾತ್ರ ಹೊರಗಿರುತ್ತದೆ. ಒಂದೇ ಒಂದು ದೊಡ್ಡ ಕಪ್ಪು ಕಣ್ಣು ಹಾಗೂ ಈಜಲು ನೆರವಾಗುವ ಕವಲೊಡೆದ ಒಂದು ಜೊತೆ ಮೀಸೆಗಳಿರುತ್ತವೆ. ಮೊಟ್ಟೆಗಳನ್ನು ಬೆನ್ನಿನ ಬದಿಯ ಕವಚದೊಳಗೆ ಹೊರುತ್ತವೆ. ಅನುಕೂಲ ಕಾಲದಲ್ಲಿ ಹೆಣ್ಣುಗಳು ಗಂಡಿನ ಸಂಪರ್ಕವಿಲ್ಲದೆಯೇ ಮರಿಮಾಡುವುದರಿಂದ ಕೆಲವೇ ದಿನಗಳಲ್ಲಿ ಸಂಖ್ಯೆ ಹಲವು ಪಟ್ಟು ಹೆಚ್ಚುತ್ತದೆ. ಪ್ರತಿಕೂಲ ಕಾಲದಲ್ಲಿ ಗಟ್ಟಿ ಹೊದಿಕೆಯ ಸುಪ್ತ ಮೊಟ್ಟೆಗಳನ್ನಿಡುತ್ತವೆ. ಬೇಸಿಗೆಯಲ್ಲಿ ಒಣಗಿದ ಕೆರೆಯ ಮಣ್ಣಿನಲ್ಲಿ ಉಳಿಯುವ ಈ ಮೊಟ್ಟೆಗಳು ಮಳೆ ಬಂದೊಡನೆ ಒಡೆಯುತ್ತವೆ.

ಪ್ರಮುಖ ಬಗೆಗಳು

1. ಡಾಫ್ನಿಯಾ: ದೊಡ್ಡ ಗಾತ್ರ, ಬರಿಗಣ್ಣಿಗೆ ಕಾಣುತ್ತದೆ. ತಲೆಯ ಮುಂಭಾಗದಲ್ಲಿ ಕೊಕ್ಕಿನಂತಹ ಚಾಚು, ಹಿಂಭಾಗದಲ್ಲಿ ಮುಳ್ಳು ಇರುತ್ತವೆ.
2. ಮೊಯಿನಾ: ಸುಮಾರು 1 ಮಿ.ಮೀ. ಉದ್ದ. ಕೊಕ್ಕು ಮತ್ತು ಹಿಂಬದಿಯ ಮುಳ್ಳು ಇರುವುದಿಲ್ಲ. ಗೊಬ್ಬರ ಹಾಕಿದ ಕೊಳಗಳಲ್ಲಿ ಹೇರಳ. ಇದರ ಮರಿಗಳು ಎಳೆಯ ಮೀನುಗಳಿಗೆ ಉತ್ತಮ ಆಹಾರ.
3. ಸೆರಿಯೊಡಾಫ್ನಿಯಾ: ದುಂಡನೆಯ ದೇಹ, ಚಿಕ್ಕ ತಲೆ, ತಲೆ ಮತ್ತು ದೇಹದ ನಡುವೆ ಸ್ಪಷ್ಟ ತಗ್ಗು.
4. ಡಯಾಫನೊಸೋಮ: ನೀಳ ದೇಹ, ಬಹಳ ದೊಡ್ಡ ಈಜು ಮೀಸೆಗಳು.
5. ಬಾಸ್ಮಿನಾ: ಅತಿ ಚಿಕ್ಕದು, ಆನೆಯ ಸೊಂಡಿಲಿನಂತೆ ಬಾಗಿದ ಚಾಚು.
6. ಕೈಡೋರಸ್: ಚೆಂಡಿನಂತಹ ದೇಹ, ಜಲಸಸ್ಯಗಳ ನಡುವೆ ಹಾಗೂ ತಳದಲ್ಲಿ ವಾಸ.

ಸೈಕ್ಲಾಪ್ಸ್‌ನೊಂದಿಗೆ ಗೊಂದಲ ಬೇಡ

ಸೈಕ್ಲಾಪ್ಸ್‌ಗೂ ಒಂದೇ ಕಣ್ಣಿದ್ದರೂ ಅದು ನೀರುಚಿಗಟವಲ್ಲ. ಹನಿಯಾಕಾರದ ದೇಹ, ಕವಲು ಬಾಲ ಮತ್ತು ಹೆಣ್ಣಿನ ಎರಡು ಪಕ್ಕಗಳಲ್ಲಿ ಹೊರಗೆ ತೂಗುವ ಮೊಟ್ಟೆ ಚೀಲಗಳಿಂದ ಅದನ್ನು ಗುರುತಿಸಬಹುದು. ಬೆಳೆದ ಸೈಕ್ಲಾಪ್ಸ್‌ಗಳು ಅತಿ ಎಳೆಯ ಮೀನುಮರಿಗಳನ್ನು ಗಾಯಗೊಳಿಸುತ್ತವೆ. ಹಿಂದೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳನ್ನು ಕಾಡಿದ ನಾರುಹುಣ್ಣು ರೋಗ ಹರಡುತ್ತಿದ್ದುದು ಸೈಕ್ಲಾಪ್ಸ್ ಇದ್ದ ಕುಡಿಯುವ ನೀರಿನಿಂದಲೇ ಹೊರತು ನೀರುಚಿಗಟಗಳಿಂದಲ್ಲ. ದೇಶದ ಕೊನೆಯ ಪ್ರಕರಣ 1996ರಲ್ಲಿ ವರದಿಯಾಗಿದ್ದು, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಿತು.

ಪರೀಕ್ಷಿಸುವ ಕ್ರಮ

1. ಬೆಳಗಿನ ಹೊತ್ತಿನಲ್ಲಿ ಕೊಳದ ಬೇರೆ ಬೇರೆ ಕಡೆಗಳಿಂದ ಒಟ್ಟು 50 ಲೀಟರ್ ನೀರನ್ನು ಪ್ಲವಕ ಬಲೆಯಲ್ಲಿ ಸೋಸಬೇಕು.
2. ಸಂಗ್ರಹವನ್ನು ಅಳತೆ ಗುರುತುಳ್ಳ ಗಾಜಿನ ನಳಿಕೆಗೆ ಹಾಕಿ, ಕೆಲವು ಹನಿ ಫಾರ್ಮಲಿನ್ ಸೇರಿಸಿ ತಳಕ್ಕೆ ಇಳಿಯಲು ಬಿಡಬೇಕು.
3. ತಳದಲ್ಲಿ 1ರಿಂದ 2 ಮಿ.ಲೀ. ಪ್ಲವಕವಿದ್ದಲ್ಲಿ ಮರಿ ಬಿಡಲು ಪ್ರಮಾಣ ಸಾಕಾಗುತ್ತದೆ.
4. ಒಂದು ಹನಿಯನ್ನು ಭೂತಗನ್ನಡಿ ಅಥವಾ ಸೂಕ್ಷ್ಮದರ್ಶಕದಲ್ಲಿ ನೋಡಿ ಬಗೆಯನ್ನು ಖಚಿತಪಡಿಸಿಕೊಳ್ಳಬೇಕು.

ಎಚ್ಚರಿಕೆ

ಆಮ್ಲಜನಕ ಕಡಿಮೆಯಾದಾಗ ಡಾಫ್ನಿಯಾ ಮತ್ತು ಮೊಯಿನಾಗಳ ದೇಹ ಕೆಂಪಾಗುತ್ತದೆ. ನೀರಿನಲ್ಲಿ ಕೆಂಪು ಗುಂಪುಗಳು ಕಂಡುಬಂದಲ್ಲಿ ಮರಿ ಬಿಡುವುದನ್ನು ಮುಂದೂಡಿ, ಹೊಸ ನೀರು ಹಾಯಿಸುವುದು ಅವಶ್ಯಕ. ನೀರುಚಿಗಟಗಳು ಕೀಟನಾಶಕಗಳಿಂದ ಬಹುಬೇಗ ಸಾಯುವುದರಿಂದ ಹೊಲಗದ್ದೆಗಳಿಗೆ ಸಿಂಪಡಿಸಿದ ಔಷಧಿಯ ನೀರು ಕೊಳಕ್ಕೆ ಹರಿಯದಂತೆ ನೋಡಿಕೊಳ್ಳತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸಬಹುದು.