ಹವಳದ ತೊಟ್ಟಿಯ ಕಿರುಪ್ರಾಣಿಗಳು

ಮನೆಯ ಹಜಾರದಲ್ಲಿ ಗಾಜಿನ ತೊಟ್ಟಿಯನ್ನಿಟ್ಟು, ಉಪ್ಪುನೀರನ್ನು ತುಂಬಿ, ಹವಳವನ್ನೂ ಸಮುದ್ರದ ಮೀನುಗಳನ್ನೂ ಸಾಕುವ ವಿನೋದವು ಅನೇಕ ದೇಶಗಳ ಗೃಹಸ್ಥರಲ್ಲಿ ಹರಡಿರುವುದು. ಜಕಾರ್ತಾ ನಗರದ ಲೀ ಚಿನ್ ಎಂಗ್ ಎಂಬವರು ಸಮುದ್ರದೊಳಗಿನ ಕಲ್ಲುಗಳನ್ನು ಅವುಗಳ ಮೇಲಣ ಜೀವರಾಶಿಸಮೇತವಾಗಿ ತೊಟ್ಟಿಗೆ ತಂದಿರಿಸುವ ಕ್ರಮವನ್ನು 1961ರಲ್ಲಿ ಬರೆದು ಪ್ರಕಟಿಸಿದರು. ಅಂತಹ ಕಲ್ಲಿಗೆ ‘ಜೀವಂತ ಶಿಲೆ’ ಎಂದು ಹೆಸರು. ಈ ಶಿಲೆಯ ಬಿರುಕುಗಳಲ್ಲಿ ಅವಿತುಕೊಂಡು, ಕರೆಯದೆ ಬರುವ ಅತಿಥಿಗಳೇ ಈ ಲೇಖನದ ವಿಷಯ.

ಕೆಲವು ವಾರಗಳು ಕಳೆದ ಮೇಲೆ, ರಾತ್ರಿಯಲ್ಲಿ ದೀಪ ಹಿಡಿದು ನೋಡಿದರೆ ಗಾಜಿನ ಮೇಲೂ ಮರಳಿನಲ್ಲಿಯೂ ನೂರಾರು ಸಣ್ಣ ಜಂತುಗಳು ಹರಿದಾಡುವುದು ಕಾಣುವುದು. ಇವು ಹುಳುಗಳಲ್ಲ, ಸೀಗಡಿ ಏಡಿಗಳ ಬಂಧುಗಳು. ಆದರೆ ಮೊದಲ ಸಲ ಕಂಡವನಿಗೆ ಕೈಯು ಔಷಧದ ಸೀಸೆಯ ಕಡೆಗೇ ಹೋಗುವುದು. ನನ್ನಲ್ಲಿ ಓದಿ ಈಗ ಪರದೇಶದಲ್ಲಿ ನೆಲೆಸಿರುವ ಶಿಷ್ಯನೊಬ್ಬನು ಹಾಗೆಯೇ ಮಾಡಿದನು. ಎರಡು ದಿನಗಳಲ್ಲಿ ಅವನ ಸೀಗಡಿಗಳೆಲ್ಲ ಸತ್ತುವು. ನೀಲಿ ಹಸುರು ರೇಖೆಗಳ ಮ್ಯಾಂಡರಿನ್ ಮೀನು ಮಾತ್ರ ಬದುಕಿತ್ತು. ಅದೂ ದಿನೇ ದಿನೇ ಬಡವಾಗಿ ಒಂದು ತಿಂಗಳೊಳಗೆ ತೀರಿಕೊಂಡಿತು. ಈ ಜಾತಿಯ ಮೀನು ಹಗಲೆಲ್ಲಾ ಕಲ್ಲಿನ ಮೇಲಣ ಕಿರುಜೀವಿಗಳನ್ನು ಹೆಕ್ಕಿ ತಿನ್ನುತ್ತಲೇ ಇರತಕ್ಕದ್ದು. ಅವನು ಕೊಂದದ್ದು ಅದರ ಅನ್ನವನ್ನು.

ಆದಕಾರಣ ಮೊದಲು ಗುರುತಿಸುವುದನ್ನು ಕಲಿಯಬೇಕು. ಇದಕ್ಕೆ ಒಂದು ಭೂತಗನ್ನಡಿ, ಮಂದವಾದ ಕೆಂಪು ದೀಪ, ಸ್ವಲ್ಪ ತಾಳ್ಮೆ ಇಷ್ಟೇ ಸಾಕು.

ಗಾಜಿನ ಮೇಲೆ ಬಿಳಿಯ ಚುಕ್ಕೆಗಳಂತೆ ಕಂಡು, ಥಟ್ಟನೆ ನೆಗೆದು ಮತ್ತೆ ನಿಲ್ಲುವುವು ಕೋಪೆಪಾಡುಗಳು. ಸಾಮಾನ್ಯವಾಗಿ ಒಂದೆರಡು ಮಿಲಿಮೀಟರನ್ನು ಮೀರವು. ಮೈಯು ನೀರಿನ ಹನಿಯ ಆಕಾರದ್ದು; ಅನೇಕ ಜಾತಿಗಳಲ್ಲಿ ತಲೆಯ ನಡುವೆ ಒಂದೇ ಒಂದು ಕಣ್ಣು; ಹೆಣ್ಣಿನ ಹಿಂಭಾಗದಲ್ಲಿ ಮೊಟ್ಟೆಯ ಚೀಲ. ಪಾಚಿಯನ್ನೂ ಕಸವನ್ನೂ ತಿಂದು ತಾವು ಮೀನಿಗೆ ಆಹಾರವಾಗುವುವು. ಇವು ಹೆಚ್ಚಿದಷ್ಟೂ ಮನೆಯವನು ಸಂತೋಷಪಡಬೇಕು.

ಅಕ್ಕಿಕಾಳಿನಷ್ಟಾಗಿ ಬೆಳೆಯುವ ಇನ್ನೆರಡು ಗುಂಪುಗಳುಂಟು: ಆಂಫಿಪಾಡ್ ಮತ್ತು ಐಸೊಪಾಡ್. ಫ್ರಾನ್ಸಿನ ಲತ್ರೇಯ್ ಎಂಬ ಪಂಡಿತನು 1816-17ರ ಸುಮಾರಿನಲ್ಲಿ ಇಟ್ಟ ಹೆಸರುಗಳಿವು. ಗ್ರೀಕ್ ಭಾಷೆಯ ‘ಪೊದ್’ ಶಬ್ದವೂ ನಮ್ಮ ‘ಪಾದ’ವೂ ಒಂದೇ ಕುಲದವು. ಐಸೊಪಾಡ್ ಎಂದರೆ ಸಮಪಾದಿ. ಅದರ ನಡೆಯುವ ಕಾಲುಗಳೆಲ್ಲ ಹೆಚ್ಚು ಕಡಮೆ ಒಂದೇ ಬಗೆಯವು. ಆಂಫಿಪಾಡ್ ಎಂದರೆ ಉಭಯಪಾದಿ. ಅದರ ಕಾಲುಗಳು ಕೆಲವು ಮುಂದಕ್ಕೂ ಕೆಲವು ಹಿಂದಕ್ಕೂ ತಿರುಗಿರುವುವು. ಆದರೆ ಓಡುವ ಪ್ರಾಣಿಯ ಕಾಲುಗಳನ್ನು ಎಣಿಸಿ ನೋಡುವವರಾರು? ಮೈಯ ಆಕಾರವನ್ನು ನೋಡುವುದೇ ಲೇಸು. ಉಭಯಪಾದಿಯು ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕದಂತೆ ಎರಡು ಪಕ್ಕಗಳಿಂದ ಅದುಮಿದಂತಿದ್ದು, ಬೆನ್ನು ಬಾಗಿರುವುದು. ಸಮಪಾದಿಯು ಮೇಜಿನ ಮೇಲೆ ಮಲಗಿಸಿದ ಪುಸ್ತಕದಂತೆ ಚಪ್ಪಟೆ. ಹೂಕುಂಡದ ಅಡಿಯ ತೇವದಲ್ಲಿದ್ದು, ಮುಟ್ಟಿದರೆ ಗುಂಡಾಗಿ ಸುತ್ತಿಕೊಳ್ಳುವ ಬೂದುಬಣ್ಣದ ಜಂತುವನ್ನು ವಾಚಕರು ಕಂಡಿರಬಹುದು. ಅದೂ ಈ ಸಮಪಾದಿಗಳ ವಂಶದ್ದೇ.

ಉಭಯಪಾದಿಗಳು ಬಹುಮಟ್ಟಿಗೆ ನಿರಪಾಯಕಾರಿಗಳು. ಎಂಜಲನ್ನು ಬಳಿಯುವ ಜಾಡಮಾಲಿಗಳು. ಎಚ್ಚರಿಕೆ ಬೇಕಾದದ್ದು ಸಮಪಾದಿಗಳಲ್ಲಿ. ಇವುಗಳೊಳಗೂ ಸಾಧುಗಳೇ ಹೆಚ್ಚು. ಮುಟ್ಟಿದಾಗ ಗುಂಡಾಗುವ ಬಗೆಯದು ಕಲ್ಲಿನ ಮೇಲೆ ನಿಧಾನವಾಗಿ ತೆವಳುವುದು. ಅದರ ಹಿಂಭಾಗವು ಒಂದೇ ಗುರಾಣಿಯಂತೆ ಕೂಡಿಕೊಂಡಿರುವುದು. ಸಿರೊಲಾನಿಡ್ ಎಂಬ ವರ್ಗದ್ದಾದರೋ ಬೇರೆ. ತಲೆಯ ಎರಡು ಪಕ್ಕಗಳಲ್ಲಿ ದೊಡ್ಡ ಕಪ್ಪು ಕಣ್ಣುಗಳು. ಬಾಲದ ಮುಂದೆ ಬಿಡಿಬಿಡಿಯಾದ ಹಲವು ಉಂಗುರಗಳು. ಹೊರಟರೆ ಬಾಣದಂತೆ ನೇರವಾದ ಈಜು. ಇದರಲ್ಲಿ ಕೆಲವು ಜಾತಿಗಳು ರಾತ್ರಿಯಲ್ಲಿ ಮಲಗಿದ ಮೀನನ್ನು ಕಚ್ಚಿ ಹಿಡಿದು ಹೀರಿ, ಬೆಳಗಾಗುವುದರೊಳಗೆ ಮರಳಿನಲ್ಲಿ ಅಡಗುವುವು. ಮೈಮೇಲೆ ಕಾರಣ ತಿಳಿಯದ ಗಾಯಗಳಿದ್ದು ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಇದನ್ನು ಸಂದೇಹಿಸಬಹುದು.

ಸಾಧುವೆಂದು ಮೇಲೆ ಹೇಳಿದ ಕೋಪೆಪಾಡಿನ ಕುಲದಲ್ಲಿಯೂ ಒಂದು ಅಪವಾದವುಂಟು. 1981ರಲ್ಲಿ ಹ್ಯೂಮ್ಸ್ ಎಂಬ ವಿದ್ವಾಂಸನು ವರ್ಣಿಸಿದ ಟೆಗಾಸ್ಟೀಸ್ ಅಕ್ರೊಪೊರಾನಸ್ ಎಂಬುದು ಸುಮಾರು ಅರ್ಧ ಮಿಲಿಮೀಟರ್ ಉದ್ದದ್ದು. ಹಳದಿ ಮೈ, ಒಂದು ಕೆಂಪು ಚುಕ್ಕೆ. ಕೊಂಬೆಯಾಕಾರದ ಅಕ್ರೊಪೊರಾ ಹವಳದ ಮೇಲೆಯೇ ಇದರ ವಾಸ, ಹವಳವು ಬಣ್ಣಗೆಡುವುದು. ನಾಯಿಗಳ ಹೃದಯದಲ್ಲಿ ಸೇರುವ ಕ್ರಿಮಿಗೆ ಕೊಡುವ ಮಿಲ್ಬೆಮೈಸಿನ್ ಎಂಬ ಔಷಧವು ಇದನ್ನು ಕೊಲ್ಲುವುದು ನಿಜ. ಅದರೊಡನೆ ಸೀಗಡಿ, ಏಡಿ, ಕೋಪೆಪಾಡುಗಳನ್ನೂ ಕೊಲ್ಲುವುದು. ನನ್ನ ಶಿಷ್ಯನು ಸುರಿದದ್ದು ಇದನ್ನೇ. ಅವನ ತೊಟ್ಟಿಯಲ್ಲಿ ಅಕ್ರೊಪೊರಾ ಇರಲೇ ಇಲ್ಲ! ಈ ಔಷಧವು ಅನಿವಾರ್ಯವಾದರೆ ಪೀಡಿತವಾದ ಹವಳವನ್ನು ಹೊರಗೆ ತೆಗೆದು, ಬೇರೆ ಪಾತ್ರೆಯಲ್ಲಿಟ್ಟು ಉಪಚರಿಸುವುದು ಮೇಲು.

ಸಿರೊಲಾನಿಡ್ ಇದೆಯೇ ಎಂದು ತಿಳಿಯಲು ಕಿರಿದಾದ ಕತ್ತಿನ ಸೀಸೆಯಲ್ಲಿ ಒಂದು ಚೂರು ಸೀಗಡಿಯ ಮಾಂಸವನ್ನಿಟ್ಟು, ದೀಪವಾರಿಸಿದ ಮೇಲೆ ತೊಟ್ಟಿಯ ತಳದಲ್ಲಿ ಮಲಗಿಸಬೇಕು. ಬೆಳಗಾಗುವ ಮುನ್ನ ಎತ್ತಿ, ಒಳಗೆ ಸೇರಿದವುಗಳನ್ನು ಬಿಳಿಯ ತಟ್ಟೆಗೆ ಸುರಿದು ಭೂತಗನ್ನಡಿಯಿಂದ ನೋಡತಕ್ಕದ್ದು. ದೊಡ್ಡ ಕಣ್ಣಿನವು ಸಿಕ್ಕಿದರೆ ತೆಗೆದುಹಾಕಿ, ಒಂದೂ ಸಿಗದವರೆಗೆ ರಾತ್ರಿ ರಾತ್ರಿಯೂ ಹೀಗೆಯೇ ಮಾಡಬೇಕು. ಉಳಿದವುಗಳನ್ನು ಆ ನೀರಿನೊಡನೆಯೇ ತೊಟ್ಟಿಗೆ ಮರಳಿ ಬಿಡಬಹುದು.