ನೇತ್ರಾಣಿಯ ಹವಳ: ಮಕ್ಕಳಿಗೆ ಹೇಳೋರ್ಯಾರು?

ಮುರ್ಡೇಶ್ವರ: ಹವಳ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗೋದು ಉಂಗುರ. ಕುಜದೋಷಕ್ಕೆ ಕೆಂಪು ಹವಳ ಹಾಕಿಕೊಳ್ಳಿ ಅಂತ ಜ್ಯೋತಿಷಿ ಹೇಳುತ್ತಾರೆ, ಆಚಾರಿ ಕಟ್ಟಿಕೊಡುತ್ತಾನೆ. ಅಲ್ಲಿಗೆ ಮುಗಿಯಿತು. ಅದೇ ಹವಳದ ದೂರದ ನೆಂಟರು ಇಲ್ಲಿಂದ ಸುಮಾರು 19 ಕಿ.ಮೀ. ಆಚೆ, ನೇತ್ರಾಣಿ ಗುಡ್ಡದ ಬುಡದಲ್ಲಿ ಜೀವಂತವಾಗಿದ್ದಾರೆ. ಕರಾವಳಿಯ ಎಷ್ಟು ಮಕ್ಕಳಿಗೆ ಇದು ಗೊತ್ತು?

2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜಕುಮಾರ್ ನೇತ್ರಾಣಿ ನೀರಿಗಿಳಿದದ್ದನ್ನು ಮಕ್ಕಳು ಕಣ್ಣರಳಿಸಿ ನೋಡಿದ್ದುಂಟು. ‘ಅಪ್ಪು ಅಲ್ಲಿ ಕಂಡದ್ದೇನು?’ ಅಂತ ಕೇಳಿದರೆ ಮಾತ್ರ ದೊಡ್ಡವರು ತಡವರಿಸುತ್ತಾರೆ.

ಕಲ್ಲೋ, ಗಿಡವೋ?

ಎರಡೂ ಅಲ್ಲ, ಪ್ರಾಣಿ! ಪಾಲಿಪ್ ಎಂಬ ಪುಟ್ಟ ಜೀವಿ. ಮೆತ್ತನೆ ಮೈ, ಒಂದು ಬಾಯಿ, ಸುತ್ತ ಎಳೆ ಎಳೆ ಕೈಗಳು. ರಾತ್ರಿ ಕೈ ಚಾಚಿ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಕೂತಲ್ಲೇ ಸುಣ್ಣದ ಮನೆ ಕಟ್ಟುತ್ತದೆ. ಸಾವಿರಾರು ಪಾಲಿಪ್‌ಗಳ ಮನೆ ಒಂದಕ್ಕೊಂದು ಅಂಟಿ, ತಲೆಮಾರು ಕಳೆದು ಬಂಡೆಯಾಗುತ್ತದೆ. ಉಂಡೆ ಹವಳ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಲಂಗರು ಬಿದ್ದು ಮುರಿದರೆ ಅಜ್ಜನ ಕಾಲದ ಗಂಟು ಒಂದೇ ಏಟಿಗೆ ಹೋದಂತೆ.

ಈ ಮನೆಯಲ್ಲಿ ಬಾಡಿಗೆದಾರರೂ ಇದ್ದಾರೆ. ಹವಳದ ಮೈಯೊಳಗಿನ ಸೂಕ್ಷ್ಮ ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಯಜಮಾನನಿಗೂ ಬಡಿಸುತ್ತದೆ. ಬಣ್ಣ ಕೂಡ ಬಹುಪಾಲು ಅದರದ್ದೇ. ಹೊರಗೆ ಚಿಟ್ಟೆಮೀನು, ಗಿಳಿಮೀನುಗಳ ಸಂತೆ. ಸಮುದ್ರತಳದ ನೂರರಲ್ಲಿ ಒಂದು ಪಾಲೂ ಇಲ್ಲದ ಹವಳದ ದಿಬ್ಬಗಳನ್ನು ಕಡಲಿನ ಸುಮಾರು ಕಾಲುಭಾಗ ಜೀವಜಾತಿಗಳು ನೆಚ್ಚಿಕೊಂಡಿವೆ.

ಬಿಳಿಚಿದರೆ ಅಪಾಯ

ನೀರು ವಾರಗಟ್ಟಲೆ ಒಂದೆರಡು ಡಿಗ್ರಿ ಹೆಚ್ಚು ಕಾದರೆ ಹವಳ ಪಾಚಿಯನ್ನು ಹೊರದಬ್ಬುತ್ತದೆ. ಮೈ ಬಿಳಿಚುತ್ತದೆ. ಬೇಗ ತಣಿದರೆ ಬದುಕೀತು, ಇಲ್ಲವಾದರೆ ಉಪವಾಸ ಸಾವು. ಪಕ್ಕದ ಲಕ್ಷದ್ವೀಪ 1998, 2010, 2016ರಲ್ಲಿ ಈ ಪೆಟ್ಟು ತಿಂದಿದೆ.

ಅಂಗಡಿಯವರೂ ಕೇಳಬೇಕು. ದಿಬ್ಬ ಕಟ್ಟುವ ಹವಳಕ್ಕೆ 2001ರಿಂದ ವನ್ಯಜೀವಿ ಕಾಯಿದೆಯಲ್ಲಿ ಹುಲಿಯ ಸಾಲಿನಲ್ಲೇ ಜಾಗ. ಷೋಕೇಸಿಗೆಂದು ತುಂಡು ಮಾರಿದರೂ ಅಪರಾಧ.

ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ, ಮಕ್ಕಳು ಶಿವನ ಮೂರ್ತಿ ನೋಡಿ ಐಸ್‌ಕ್ರೀಂ ತಿಂದು ಹೊರಡುತ್ತಾರೆ. ಸ್ಕೂಬಾಕ್ಕೆ ಸಾವಿರಾರು ರೂಪಾಯಿ ಎಲ್ಲರಿಗೂ ಎಲ್ಲಿಂದ ಬರಬೇಕು? ಗೋಪುರ ಹತ್ತಿಸಿ, ಮೋಡವಿಲ್ಲದ ದಿನ ನೇತ್ರಾಣಿಯತ್ತ ಬೆರಳು ತೋರಿಸಿ, ಮೇಲಿನ ನಾಲ್ಕು ಮಾತು ಹೇಳಲು ಮೇಷ್ಟರಿಗೆ ಹತ್ತು ನಿಮಿಷ ಸಾಕು. ಖರ್ಚು ಬರೀ ಲಿಫ್ಟಿನ ಟಿಕೆಟ್ಟು.